ಎಐ ಮತ್ತು ಉದ್ಯೋಗ: ಒಳಗಿದ್ದವರ ಮಾತು, ಹೊರಗಿದ್ದವರ ಚಿಂತೆ

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಜನರ ಉದ್ಯೋಗವನ್ನು ಏನು ಮಾಡೀತು ಎಂಬ ಬಗ್ಗೆ ಒಮ್ಮತವಿಲ್ಲ. ಅದನ್ನು ಕಟ್ಟುವವರು ಒಂದು ಹೇಳಿದರೆ, ಅದರ ಜೊತೆ ಏಗಬೇಕಾದವರು ಇನ್ನೊಂದು ಹೇಳುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮುಂದಿನ 20 ವರ್ಷಗಳಲ್ಲಿ ಎಐನಿಂದ ಜನರ ಕೆಲಸದ ರೀತಿ ಸುಧಾರಿಸುತ್ತದೆ ಎಂದ ತಜ್ಞರು ಶೇ 73. ಹಾಗೆಂದ ಸಾಮಾನ್ಯ ಜನ ಶೇ 23 ಮಾತ್ರ. ಉದ್ಯೋಗಗಳ ಸಂಖ್ಯೆಯೇ ಕುಗ್ಗುತ್ತದೆ ಎಂದು ಶೇ 64ರಷ್ಟು ಸಾಮಾನ್ಯರು ಭಾವಿಸಿದ್ದರೆ, ತಜ್ಞರಲ್ಲಿ ಆ ಅಭಿಪ್ರಾಯವಿದ್ದದ್ದು ಶೇ 39 ಮಂದಿಗೆ. ತಜ್ಞರಿಗೆ ವಿಷಯ ಹೆಚ್ಚು ಗೊತ್ತಿರುವುದರಿಂದ ಅವರಿಗೆ ಭಯ ಕಡಿಮೆ ಎಂದು ಇದನ್ನು ಓದಬಹುದು. ತಜ್ಞರ ಸ್ವಂತ ಕೆಲಸ ಸದ್ಯಕ್ಕೆ ಭದ್ರವಾಗಿರುವುದರಿಂದ ಭಯ ಕಡಿಮೆ ಎಂದೂ ಓದಬಹುದು.

ದೇಶದಿಂದ ದೇಶಕ್ಕೂ ಧೋರಣೆ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2025ರ ಎಐ ಸೂಚ್ಯಂಕ ವರದಿಯಲ್ಲಿ ಬರುವ ಇಪ್ಸಾಸ್ ಸಮೀಕ್ಷೆಯ ಪ್ರಕಾರ, ಎಐನಿಂದ ಕೆಡುಕಿಗಿಂತ ಒಳಿತೇ ಹೆಚ್ಚು ಎನ್ನುವವರು ಚೀನಾದಲ್ಲಿ ಶೇ 83, ಇಂಡೊನೇಷ್ಯಾದಲ್ಲಿ ಶೇ 80, ಥಾಯ್ಲೆಂಡಿನಲ್ಲಿ ಶೇ 77. ಕೆನಡಾದಲ್ಲಿ ಶೇ 40, ಅಮೆರಿಕದಲ್ಲಿ ಶೇ 39, ನೆದರ್ಲೆಂಡ್ಸ್‌ನಲ್ಲಿ ಶೇ 36. ಹಿಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಏಷ್ಯಾದ ಹಲವು ದೇಶಗಳಿಗೆ ಹೊಸ ಯಂತ್ರದ ಜೊತೆಗೇ ಹೊಸ ಕಾರ್ಖಾನೆ, ಹೊಸ ಸಂಬಳ ಬಂದವು. ಅದೇ ಅವಧಿಯಲ್ಲಿ ಅಮೆರಿಕದ ಎಷ್ಟೋ ಕಾರ್ಖಾನೆ ಊರುಗಳು ಪಾಳುಬಿದ್ದವು. ಜನ ತಮ್ಮ ಅನುಭವದಿಂದಲೇ ಮುಂದಿನದನ್ನು ಅಳೆಯುತ್ತಾರೆ.

ಭಾರತ ಈ ಎರಡರ ನಡುವೆ ಎಲ್ಲೋ ಇದೆ. ಐಐಎಂ ಅಹಮದಾಬಾದ್ ನಡೆಸಿದ ಸಮೀಕ್ಷೆಯೊಂದನ್ನು ಕೇಂದ್ರ ಸರ್ಕಾರದ 2024–25ರ ಆರ್ಥಿಕ ಸಮೀಕ್ಷೆ ಉಲ್ಲೇಖಿಸಿದೆ. ಕಚೇರಿ ಕೆಲಸದಲ್ಲಿರುವವರ ಪೈಕಿ ಶೇ 68 ಮಂದಿ, ಐದು ವರ್ಷದೊಳಗೆ ತಮ್ಮ ಕೆಲಸವನ್ನು ಭಾಗಶಃ ಇಲ್ಲವೇ ಪೂರ್ತಿಯಾಗಿ ಎಐ ಮಾಡಲಿದೆ ಎಂದು ನಿರೀಕ್ಷಿಸಿದ್ದಾರೆ. ತಮ್ಮ ಕೌಶಲ ಕೆಲಸಕ್ಕೆ ಬಾರದೆ ಹೋಗುತ್ತದೆ ಎಂದವರು ಶೇ 40. ಅದೇ ಸರ್ಕಾರದ ಹಿಂದಿನ ವರ್ಷದ ಸಮೀಕ್ಷೆ ಇನ್ನೊಂದು ಲೆಕ್ಕ ಕೊಟ್ಟಿತ್ತು: ದುಡಿಯುವ ವಯಸ್ಸಿಗೆ ಬರುತ್ತಿರುವವರಿಗಾಗಿ 2030ರವರೆಗೆ ಪ್ರತಿವರ್ಷ ಕೃಷಿಯ ಹೊರಗೆ ಸರಾಸರಿ 78.5 ಲಕ್ಷ ಉದ್ಯೋಗ ಸೃಷ್ಟಿಯಾಗಬೇಕು. ಭಾರತದಲ್ಲಿ ಎಐ ಕುರಿತ ಚರ್ಚೆಯನ್ನು ಈ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕಾಗುತ್ತದೆ.

ಇನ್ನು ಭವಿಷ್ಯ ಹೇಳುವ ಅಂಕಿಗಳು. 2013ರಲ್ಲಿ ಆಕ್ಸ್‌ಫರ್ಡ್‌ನ ಕಾರ್ಲ್ ಫ್ರೈ ಮತ್ತು ಮೈಕೆಲ್ ಓಸ್ಬೋರ್ನ್ ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಾಂತ್ರೀಕರಣದ ದೊಡ್ಡ ಅಪಾಯದಲ್ಲಿವೆ ಎಂದರು. ಜಗತ್ತಿನಾದ್ಯಂತ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆ ಅಂಕಿ. ಮೂರು ವರ್ಷದ ಬಳಿಕ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಗಾಗಿ ನಡೆದ ಇನ್ನೊಂದು ಅಧ್ಯಯನ 21 ದೇಶಗಳನ್ನು ನೋಡಿ, ಅಪಾಯದಲ್ಲಿರುವುದು ಶೇ 9 ಎಂದಿತು. ವ್ಯತ್ಯಾಸಕ್ಕೆ ಕಾರಣ ಸರಳ. ಮೊದಲನೆಯವರು ‘ಲೆಕ್ಕಿಗ’ ಎಂಬ ಇಡೀ ವೃತ್ತಿಯನ್ನು ತಕ್ಕಡಿಗಿಟ್ಟರು. ಎರಡನೆಯವರು ಆ ಲೆಕ್ಕಿಗ ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರು. ಅಂಕಿ ಕೂಡಿಸುವುದನ್ನು ಯಂತ್ರ ಮಾಡೀತು; ಬಿಲ್ಲು ಕೊಡದ ಗಿರಾಕಿಯ ಬೆನ್ನು ಹತ್ತುವುದನ್ನು, ತೆರಿಗೆ ಅಧಿಕಾರಿಗೆ ಸಮಜಾಯಿಷಿ ಕೊಡುವುದನ್ನು ಯಾರಾದರೂ ಮನುಷ್ಯರೇ ಮಾಡಬೇಕು.

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದ ಮೇಲೆ ಅಂಕಿಗಳ ಎರಡನೆಯ ಸುಗ್ಗಿ ಶುರುವಾಯಿತು. ಜಗತ್ತಿನ 30 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಎಐ ತಾಗಲಿದೆ ಎಂದು 2023ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಹೇಳಿತು. ಜಗತ್ತಿನ ಸುಮಾರು ಶೇ 40, ಮುಂದುವರಿದ ದೇಶಗಳ ಸುಮಾರು ಶೇ 60, ಬಡ ದೇಶಗಳ ಶೇ 26 ಉದ್ಯೋಗಗಳಿಗೆ ಎಂದು 2024ರ ಜನವರಿಯಲ್ಲಿ ಐಎಂಎಫ್ ಹೇಳಿತು. ತಾಗುವುದು ಬೇರೆ, ಕಳೆದುಹೋಗುವುದು ಬೇರೆ; ಸುದ್ದಿಯ ತಲೆಬರಹಗಳಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯಂತೆ 2030ರೊಳಗೆ 9.2 ಕೋಟಿ ಕೆಲಸಗಳು ಹೋಗಿ 17 ಕೋಟಿ ಹೊಸವು ಬರುತ್ತವೆ, ಅಂದರೆ 7.8 ಕೋಟಿ ಲಾಭ. ಆದರೆ ಅದು ಎಐ ಒಂದರದ್ದೇ ಲೆಕ್ಕವಲ್ಲ. ಹಸಿರು ಇಂಧನ, ಜನಸಂಖ್ಯೆಯ ಬದಲಾವಣೆ, ವ್ಯಾಪಾರ ಎಲ್ಲ ಸೇರಿದ್ದು. ಹೋಗುವ ಕೆಲಸದವನಿಗೇ ಬರುವ ಕೆಲಸ ಸಿಗುತ್ತದೆಯೇ ಎಂಬುದನ್ನು ಕೂಡುವ ಕಳೆಯುವ ಲೆಕ್ಕ ಹೇಳುವುದಿಲ್ಲ.

ಭವಿಷ್ಯ ಹೇಳುವುದರ ಕಷ್ಟಕ್ಕೆ ಜೆಫ್ರಿ ಹಿಂಟನ್ ಅವರ ಮಾತು ಒಳ್ಳೆಯ ಪಾಠ. ಇಂದಿನ ಎಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ, 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಈ ವಿಜ್ಞಾನಿ, ಹೊಸ ರೇಡಿಯಾಲಜಿಸ್ಟ್‌ಗಳನ್ನು ತರಬೇತುಗೊಳಿಸುವುದನ್ನು ಈಗಲೇ ನಿಲ್ಲಿಸಬೇಕು ಎಂದು 2016ರಲ್ಲಿ ಹೇಳಿದ್ದರು. ಐದು ವರ್ಷದಲ್ಲಿ, ತಡವಾದರೆ ಹತ್ತು ವರ್ಷದಲ್ಲಿ, ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಯಂತ್ರವೇ ಅವರಿಗಿಂತ ಚೆನ್ನಾಗಿ ಓದುತ್ತದೆ ಎಂಬುದು ಕಾರಣ. ಯಂತ್ರ ಓದಲು ಕಲಿತದ್ದು ನಿಜ. ಆದರೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ರೇಡಿಯಾಲಜಿ ಸಿಬ್ಬಂದಿಯ ಸಂಖ್ಯೆ 2016ರಿಂದೀಚೆಗೆ ಶೇ 50ಕ್ಕಿಂತ ಹೆಚ್ಚು ಏರಿತು. ಚಿತ್ರ ನೋಡುವುದು ಆ ವೈದ್ಯರ ಕೆಲಸದ ಒಂದು ಭಾಗ. ಶಸ್ತ್ರಚಿಕಿತ್ಸಕರ ಜೊತೆ ಚರ್ಚೆ, ರೋಗಿಗೆ ವಿವರಣೆ, ವರದಿಗೆ ಸಹಿ ಹಾಕಿ ಹೊಣೆ ಹೊರುವುದು ಉಳಿದ ಭಾಗ. ಓದುವುದು ಸಲೀಸಾದಂತೆ ಸ್ಕ್ಯಾನ್‌ಗಳ ಸಂಖ್ಯೆಯೂ ಏರಿತು. ಎಐ ಬಲ್ಲವರಿಗೆ ಎಐ ಗೊತ್ತಿರುತ್ತದೆ, ಆಸ್ಪತ್ರೆ ಗೊತ್ತಿರಬೇಕೆಂದಿಲ್ಲ.

ಆಶಾವಾದಿಗಳು ಇಂಥ ಉದಾಹರಣೆಗಳನ್ನು ಹಿಡಿದು, ಯಂತ್ರಕ್ಕೆ ಹೆದರುವುದು ಹಳೆಯ ರೋಗ ಎನ್ನುತ್ತಾರೆ. ಅವರು ಬಳಸುವ ಬೈಗುಳದ ಹೆಸರು ‘ಲಡೈಟ್’. ಹಾಗೆ ಕರೆಸಿಕೊಂಡವರ ಕಥೆಯನ್ನು ನೆಟ್ಟಗೆ ನೋಡಿದವರು ಕಡಿಮೆ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟುಗಳನ್ನು ರಾತ್ರೋರಾತ್ರಿ ಒಡೆಯಲಾಯಿತು. ಆ ಯಂತ್ರ ಹೊಸದೇನಲ್ಲ, 1589ರಲ್ಲೇ ವಿಲಿಯಂ ಲೀ ಎಂಬಾತ ಮಾಡಿದ್ದು. ಎರಡು ಶತಮಾನ ಅದರ ಮೇಲೇ ಹೊಟ್ಟೆ ಹೊರೆದಿದ್ದ ಹೆಣಿಗೆಯವರ ದೂರು ಬೇರೆಯಿತ್ತು. ಮಾಲೀಕರು ಕಸುಬು ಕಲಿಯದವರನ್ನು ಕಡಿಮೆ ಕೂಲಿಗೆ ಕೂರಿಸಿ, ಅಗಲ ಬಟ್ಟೆ ಹೆಣೆಸಿ, ಕತ್ತರಿಸಿ ಹೊಲಿದ ಕಳಪೆ ಚೀಲಗಳನ್ನು ಮಾರುಕಟ್ಟೆಗೆ ಸುರಿಯುತ್ತಿದ್ದರು. ಸರಿಯಾದ ಕೂಲಿ ಕೊಡುವವನ ಯಂತ್ರವನ್ನು ಒಡೆಯುವವರು ಮುಟ್ಟದೆ ಬಿಟ್ಟ ಪ್ರಸಂಗಗಳಿವೆ. 1812ರಲ್ಲಿ ಬ್ರಿಟಿಷ್ ಸಂಸತ್ತು ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯ್ದೆ ತಂದಿತು. ಮೇಲ್ಮನೆಯಲ್ಲಿ ಅದನ್ನು ವಿರೋಧಿಸಿದ ಕೆಲವೇ ಮಂದಿಯಲ್ಲಿ ಕವಿ ಬೈರನ್ ಒಬ್ಬ. ಅದು ಅಲ್ಲಿ ಅವನ ಮೊದಲ ಭಾಷಣ.

ಅರ್ಥಶಾಸ್ತ್ರಜ್ಞರಲ್ಲೂ ಮನಸ್ಸು ಬದಲಿಸಿದವರಿದ್ದಾರೆ. ಯಂತ್ರದಿಂದ ಎಲ್ಲರಿಗೂ ಲಾಭ ಎಂದು ನಂಬಿದ್ದ ಡೇವಿಡ್ ರಿಕಾರ್ಡೊ, ತನ್ನ ಪ್ರಸಿದ್ಧ ಗ್ರಂಥದ 1821ರ ಮೂರನೆಯ ಆವೃತ್ತಿಗೆ ಯಂತ್ರಗಳ ಬಗ್ಗೆ ಹೊಸದೊಂದು ಅಧ್ಯಾಯ ಸೇರಿಸಿ, ಅವು ಕೂಲಿಕಾರರಿಗೆ ಹಾನಿ ಮಾಡಬಲ್ಲವು ಎಂದು ಒಪ್ಪಿಕೊಂಡ. ಆ ಕಾಲದ ಬ್ರಿಟನ್ನಿನ ಲೆಕ್ಕವನ್ನು ಇತಿಹಾಸಕಾರ ರಾಬರ್ಟ್ ಆ್ಯಲೆನ್ ಕಲೆಹಾಕಿದ್ದಾರೆ. 1780ರಿಂದ 1840ರವರೆಗೆ ಒಬ್ಬ ಕಾರ್ಮಿಕನ ಉತ್ಪಾದನೆ ಶೇ 46ರಷ್ಟು ಏರಿತು. ನಿಜಕೂಲಿ ಏರಿದ್ದು ಶೇ 12 ಮಾತ್ರ. ಕೂಲಿ ಉತ್ಪಾದನೆಯ ಜೊತೆ ಹೆಜ್ಜೆ ಹಾಕಿದ್ದು ಆಮೇಲೆ. ದೀರ್ಘಾವಧಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ಮಾತು ಆರು ದಶಕಗಳ ಮಟ್ಟಿಗೆ ಸುಳ್ಳಾಗಿತ್ತು, ಅಂದರೆ ಒಂದು ಪೂರ್ಣ ಆಯುಷ್ಯದ ಮಟ್ಟಿಗೆ.

ಹಾನಿ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸುವ ಪ್ರಕರಣ ಅಮೆರಿಕದ ಟೆಲಿಫೋನ್ ಆಪರೇಟರುಗಳದ್ದು. 1920ರ ಹೊತ್ತಿಗೆ ಅಲ್ಲಿನ ನಗರಗಳಲ್ಲಿ ಶಾಲೆ ಮುಗಿಸಿದ ಹುಡುಗಿಯರಿಗೆ ಇದ್ದ ದೊಡ್ಡ ಕೆಲಸಗಳಲ್ಲಿ ಒಂದು ಸ್ವಿಚ್‌ಬೋರ್ಡಿನ ಮುಂದೆ ಕೂತು ಕರೆಗಳನ್ನು ಜೋಡಿಸುವುದು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಟಿ ಆ್ಯಂಡ್ ಟಿ ಕಂಪನಿ ತನ್ನ ಜಾಲದ ಅರ್ಧಕ್ಕಿಂತ ಹೆಚ್ಚನ್ನು ಡಯಲ್ ಯಂತ್ರಕ್ಕೆ ಬದಲಿಸಿತು. ಜೇಮ್ಸ್ ಫೈಗನ್‌ಬಾಮ್ ಮತ್ತು ಡೇನಿಯಲ್ ಗ್ರಾಸ್ ಎಂಬ ಸಂಶೋಧಕರು ಜನಗಣತಿಯ ದಾಖಲೆಗಳನ್ನು ಜಾಲಾಡಿದಾಗ ಕಂಡದ್ದಿದು: ಆಗಷ್ಟೇ ದುಡಿಯಲು ಬಂದ ಹುಡುಗಿಯರು ಟೈಪಿಂಗ್, ಹೋಟೆಲು ಮುಂತಾದ ಬೇರೆ ಕೆಲಸಗಳಿಗೆ ಹೊರಳಿಕೊಂಡರು, ಆ ಪೀಳಿಗೆಗೆ ಒಟ್ಟಾರೆ ನಷ್ಟವಾಗಲಿಲ್ಲ. ಆದರೆ ಆಗಲೇ ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದವರಲ್ಲಿ ಎಷ್ಟೋ ಮಂದಿ ಹತ್ತು ವರ್ಷದ ನಂತರ ಕೆಲಸದಲ್ಲೇ ಇರಲಿಲ್ಲ, ಇಲ್ಲವೇ ಕಡಿಮೆ ಸಂಬಳದ ಕೆಲಸಕ್ಕೆ ಇಳಿದಿದ್ದರು.

ಭಾರತದಲ್ಲಿ ಯಂತ್ರದ ಬಗೆಗಿನ ವಾದಕ್ಕೆ ದೊಡ್ಡ ಪರಂಪರೆಯೇ ಇದೆ. 1909ರ ‘ಹಿಂದ್ ಸ್ವರಾಜ್’ನಲ್ಲಿ ಗಾಂಧೀಜಿ ಯಂತ್ರನಾಗರಿಕತೆಯನ್ನು ಖಂಡಿಸಿದರು. ಆದರೆ ಅವರ ವಿರೋಧ ಯಂತ್ರದ ಹುಚ್ಚಿಗೆ, ಕೈಗಳನ್ನು ಖಾಲಿ ಮಾಡುವ ಯಂತ್ರಕ್ಕೆ. ಹೊಲಿಗೆ ಯಂತ್ರಕ್ಕೆ ಅವರು ವಿನಾಯಿತಿ ಕೊಟ್ಟಿದ್ದರು. ಅದೇ ಕಾಲದಲ್ಲಿ ಕೈಗಾರಿಕೆ ಬೆಳೆಸದಿದ್ದರೆ ದೇಶಕ್ಕೆ ಉಳಿಗಾಲವಿಲ್ಲ ಎಂದು ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಸಾರುತ್ತಿದ್ದರು. ಕನ್ನಡನಾಡು ಎರಡೂ ಮಾತುಗಳನ್ನು ಉಳಿಸಿಕೊಂಡಿದೆ. ಸಾಫ್ಟ್‌ವೇರ್ ರಾಜಧಾನಿಯೂ ಇಲ್ಲಿದೆ. ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂಬ ಪುಸ್ತಕ ಬರೆದು, ಬದನವಾಳಿನಲ್ಲಿ ಕೈಉತ್ಪನ್ನಗಳ ಪರ ಸತ್ಯಾಗ್ರಹ ಮಾಡಿದ ರಂಗಕರ್ಮಿ ಪ್ರಸನ್ನ ಅವರೂ ಇಲ್ಲಿಯವರೇ.

ಆದರೆ ಎಐ ಕಾಲಕ್ಕೆ ನೇರವಾಗಿ ತಾಳೆಯಾಗುವ ಭಾರತೀಯ ಪ್ರಸಂಗ ಬ್ಯಾಂಕುಗಳದ್ದು. 1960ರ ದಶಕದಲ್ಲೇ ಕಲ್ಕತ್ತೆಯ ಎಲ್‌ಐಸಿ ನೌಕರರು ಕಂಪ್ಯೂಟರು ಒಳಗೆ ಬಾರದಂತೆ ಕಚೇರಿಯನ್ನು ಕಾದು ಕೂತಿದ್ದರು. 80ರ ದಶಕದಲ್ಲಿ ಆ ಜಗಳ ಬ್ಯಾಂಕುಗಳಿಗೆ ಬಂತು. ಆಗಿನ ಶಾಖೆಯೊಂದನ್ನು ನೆನೆಯಬಹುದು. ಹಣ ತೆಗೆಯಲು ಬಂದವರು ಚೆಕ್ಕನ್ನು ಕೌಂಟರಿಗೆ ಕೊಟ್ಟು ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದರು. ಚೆಕ್ಕು ಲೆಡ್ಜರ್ ಗುಮಾಸ್ತರ ಮೇಜಿಗೆ ಹೋಗುತ್ತಿತ್ತು. ಅವರು ಮೊಳದುದ್ದದ ದಪ್ಪ ಪುಸ್ತಕ ತೆರೆದು, ಖಾತೆ ಹುಡುಕಿ, ಶಿಲ್ಕು ನೋಡಿ, ಕೈಯಲ್ಲೇ ಕಳೆದು ಬರೆಯುತ್ತಿದ್ದರು. ಅಧಿಕಾರಿ ಸಹಿ ತಾಳೆ ನೋಡಿದ ಮೇಲೆ ಚೆಕ್ಕು ಕ್ಯಾಷಿಯರಿಗೆ. ಟೋಕನ್ ನಂಬರು ಕೂಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತಿತ್ತು. ಲೆಡ್ಜರುಗಳ ಮೊತ್ತ ತಾಳೆಯಾಗದೆ ಹೋದರೆ ಹತ್ತು ಪೈಸೆಗಾಗಿ ರಾತ್ರಿಯವರೆಗೆ ಕೂತು ಹುಡುಕುವುದಿತ್ತು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಹುಟ್ಟಿದ ಕರಾವಳಿಯಲ್ಲಿ ಈ ಗುಮಾಸ್ತಿಕೆ ಎಷ್ಟೋ ಮನೆಗಳ ಆಧಾರವಾಗಿತ್ತು.

ಕಂಪ್ಯೂಟರು ಬಂದರೆ ಈ ಮೇಜುಗಳೇ ಇರುವುದಿಲ್ಲ ಎಂಬುದು ನೌಕರ ಸಂಘಗಳಿಗೆ ತಿಳಿದಿತ್ತು. 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ಸಂಘಗಳಿಗೂ ಒಪ್ಪಂದವಾಯಿತು. ಯಂತ್ರಗಳು ಬರಲಿ, ಆದರೆ ಮಿತಿಯಲ್ಲಿ ಬರಲಿ. ಅವನ್ನು ನಡೆಸುವವರಿಗೆ ವಿಶೇಷ ಭತ್ಯೆ ಸಿಗಲಿ. ಇದ್ದವರ ಕೆಲಸಕ್ಕೆ ಧಕ್ಕೆಯಾಗದಿರಲಿ. ಬ್ಯಾಂಕುಗಳ ಕಂಪ್ಯೂಟರೀಕರಣ ಕುರಿತ ಸಿ. ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂತು, 1989ರಲ್ಲಿ ಎರಡನೆಯದು ಬಂತು. ಲೆಡ್ಜರ್ ಪೋಸ್ಟಿಂಗ್ ಯಂತ್ರದಿಂದ ಶುರುವಾದದ್ದು ಎರಡು ದಶಕಗಳಲ್ಲಿ ಎಲ್ಲ ಶಾಖೆಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್‌ವರೆಗೆ ಮುಟ್ಟಿತು. ಕಂಪ್ಯೂಟರಿನ ನೆಪದಲ್ಲಿ ನೌಕರರನ್ನು ಸಾರಾಸಗಟಾಗಿ ಮನೆಗೆ ಕಳಿಸಿದ್ದು ನಡೆಯಲಿಲ್ಲ. 2000–01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸಾರ್ವಜನಿಕ ಬ್ಯಾಂಕುಗಳಿಂದ ಹೊರಬಂದ ಸುಮಾರು ಒಂದು ಲಕ್ಷ ಮಂದಿಗೂ ಗಂಟು ಕೊಟ್ಟೇ ಕಳಿಸಲಾಯಿತು.

ಇದನ್ನು ಯಶಸ್ಸಿನ ಕಥೆ ಎಂದು ಮುಗಿಸಿಬಿಡುವುದು ರೂಢಿ. ಆದರೆ ಅದಕ್ಕೊಂದು ಬೆಲೆ ಇತ್ತು, ಅದನ್ನು ತೆತ್ತವರು ಬೇರೆ. ಗುಮಾಸ್ತರ ನೇಮಕ ಸೊರಗುತ್ತಾ ಬಂತು. ನೇಮಕಕ್ಕೆಂದೇ ಇದ್ದ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳನ್ನು 2001ರಲ್ಲಿ ಮುಚ್ಚಲಾಯಿತು. ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಹುಡುಗರು ಯಾವ ಒಪ್ಪಂದದ ಮೇಜಿನ ಬಳಿಯೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು ಅವರ ಪಾಡು. ಅಮೆರಿಕದ ಆಪರೇಟರುಗಳ ಪ್ರಕರಣದಲ್ಲಿ ಹೊಡೆತ ಬಿದ್ದದ್ದು ಒಳಗಿದ್ದವರಿಗೆ, ಇಲ್ಲಿ ಹೊರಗಿದ್ದವರಿಗೆ. ಯಂತ್ರ ಎರಡೂ ಕಡೆ ಒಂದೇ ಕೆಲಸ ಮಾಡಿತ್ತು. ನಷ್ಟ ಯಾರ ಕಡೆ ಜಾರಿತು ಎಂಬುದನ್ನು ನಿರ್ಧರಿಸಿದ್ದು ಮಾತುಕತೆಯಲ್ಲಿ ಯಾರಿಗೆ ಧ್ವನಿಯಿತ್ತು, ಯಾರಿಗೆ ಇರಲಿಲ್ಲ ಎಂಬ ಸಂಗತಿ.

ಈಗಿನ ಎಐ ಬಗ್ಗೆ ಸಿಗುತ್ತಿರುವ ಪುರಾವೆಗಳು ಈ ದಿಕ್ಕಿನಲ್ಲೇ ಕೈತೋರಿಸುತ್ತಿವೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೊಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ನೌಕರರನ್ನು ಗಮನಿಸಿದಾಗ, ಎಐ ಸಹಾಯಕನಿಂದ ಅವರ ಉತ್ಪಾದಕತೆ ಸರಾಸರಿ ಶೇ 14 ಏರಿತ್ತು. ಹೊಸಬರಲ್ಲಿ ಶೇ 34. ಹಳಬರಿಗೆ ಹೆಚ್ಚೇನೂ ಲಾಭವಾಗಲಿಲ್ಲ. ಅನುಭವಿಗಳ ಜಾಣ್ಮೆಯನ್ನು ಯಂತ್ರ ಕಲಿತು ಹೊಸಬರಿಗೆ ಹಂಚಿತು ಎಂದು ಆಶಾವಾದಿಗಳು ಸಂತೋಷಪಟ್ಟರು. ಎರಡು ವರ್ಷದ ನಂತರ ಅದೇ ಬ್ರಿನ್ಯೊಲ್ಫ್‌ಸನ್ ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿ ಬರೆದ ಪ್ರಬಂಧದ ಧಾಟಿ ಬೇರೆ. ಸಾಫ್ಟ್‌ವೇರ್, ಗ್ರಾಹಕ ಸೇವೆಯಂಥ ಎಐಗೆ ಹೆಚ್ಚು ತೆರೆದುಕೊಂಡ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿತ್ತು. ಅದೇ ವೃತ್ತಿಗಳ ಹಿರಿಯರು ಅಲುಗಾಡಿರಲಿಲ್ಲ.

ಇದಕ್ಕೆ ಎದುರು ಸಾಕ್ಷ್ಯವೂ ಇದೆ. ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ 2025ರ ಅಕ್ಟೋಬರ್‌ನಲ್ಲಿ, ಅಮೆರಿಕದ ಉದ್ಯೋಗ ಮಾರುಕಟ್ಟೆಯಲ್ಲಿ ಒಟ್ಟಾರೆ ಗುರುತಿಸುವಂಥ ಅಲ್ಲೋಲಕಲ್ಲೋಲವೇನೂ ಆಗಿಲ್ಲ ಎಂದಿತು. ಎಂಇಟಿಆರ್ ಎಂಬ ಸಂಸ್ಥೆ ಅದೇ ವರ್ಷ 16 ಮಂದಿ ಪಳಗಿದ ಪ್ರೋಗ್ರಾಮರುಗಳ ಮೇಲೆ ಪ್ರಯೋಗ ನಡೆಸಿದಾಗ, ಎಐ ಬಳಸಿದಾಗ ಅವರಿಗೆ ಕೆಲಸ ಮುಗಿಸಲು ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ತಮಾಷೆಯೆಂದರೆ, ತಾವು ಸರಾಸರಿ ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ಅವರು ನಂಬಿದ್ದರು. ಎಐ ಬಗ್ಗೆ ಉತ್ಸಾಹದಿಂದ ಬಂದ ಸ್ವಂತ ಅನುಭವದ ಮಾತುಗಳನ್ನು ಕೇಳುವಾಗ ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕಂಪನಿಗಳ ಮಾತನ್ನೂ ಹಾಗೆಯೇ ಸೋಸಬೇಕು. ಬೆಂಗಳೂರಿನ ನವೋದ್ಯಮ ದುಕಾನ್ 2023ರಲ್ಲಿ ಗ್ರಾಹಕ ಸೇವಾ ತಂಡದ ಶೇ 90 ಮಂದಿಯನ್ನು ತೆಗೆದು ಚಾಟ್‌ಬಾಟ್ ಕೂರಿಸಿದ್ದನ್ನು ಅದರ ಮುಖ್ಯಸ್ಥರೇ ಜಾಲತಾಣದಲ್ಲಿ ಹೆಮ್ಮೆಯಿಂದ ಸಾರಿದಾಗ ಭಾರೀ ಟೀಕೆ ಬಂತು. ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ ತನ್ನ ಎಐ ಸಹಾಯಕ 700 ಮಂದಿಯ ಕೆಲಸ ಮಾಡುತ್ತಿದೆ ಎಂದು 2024ರಲ್ಲಿ ಘೋಷಿಸಿತು. ಮರುವರ್ಷ ಗುಣಮಟ್ಟ ಕುಸಿಯಿತೆಂದು ಮತ್ತೆ ಮನುಷ್ಯರನ್ನು ಸೇರಿಸಿಕೊಳ್ಳತೊಡಗಿತು. ಹೂಡಿಕೆದಾರರ ಮುಂದೆ ಎಐ ಹೆಸರು ಹೇಳಿದರೆ ಷೇರಿಗೆ ಬೆಲೆ. ನೌಕರರ ಮುಂದೆ ಅದೇ ಹೆಸರು ಹೇಳಿದರೆ ಗಲಾಟೆ. ಹಾಗಾಗಿ ಒಂದೇ ಕಡಿತಕ್ಕೆ ಕೇಳುವವರನ್ನು ನೋಡಿಕೊಂಡು ಬೇರೆ ಬೇರೆ ಕಾರಣ ಕೊಡುವುದುಂಟು.

ಭಾರತದ ಐ.ಟಿ. ಉದ್ಯಮಕ್ಕೆ ಈ ಚರ್ಚೆ ಬೇರೆಲ್ಲರಿಗಿಂತ ಹತ್ತಿರದ್ದು. ಐ.ಟಿ. ಕಂಪನಿಗಳ ಒಕ್ಕೂಟ ನಾಸ್ಕಾಂನ ಲೆಕ್ಕದಲ್ಲಿ ಸುಮಾರು 58 ಲಕ್ಷ ಮಂದಿ ದುಡಿಯುವ ಈ ಉದ್ಯಮ ನಿಂತಿರುವುದು ಅಗಲವಾದ ತಳದ ಮೇಲೆ. ಪ್ರತಿವರ್ಷ ಇಂಜಿನಿಯರಿಂಗ್ ಕಾಲೇಜುಗಳಿಂದ ಸಾವಿರಗಟ್ಟಲೆ ಫ್ರೆಷರ್‌ಗಳನ್ನು ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆರಿಸಿ, ಕೆಲವು ತಿಂಗಳು ತರಬೇತಿ ಕೊಟ್ಟು, ಪ್ರಾಜೆಕ್ಟ್ ಸಿಗುವವರೆಗೆ ಬೆಂಚಿನಲ್ಲಿ ಕೂರಿಸಿ, ಆಮೇಲೆ ಗಂಟೆ ಲೆಕ್ಕದಲ್ಲಿ ವಿದೇಶಿ ಗಿರಾಕಿಗೆ ಬಿಲ್ ಮಾಡುವುದು ಅದರ ಕ್ರಮ. ಫ್ರೆಷರ್‌ಗೆ ಮೊದಲು ಸಿಗುವುದು ದೊಡ್ಡ ಕೆಲಸವಲ್ಲ. ಯಾರೋ ಬರೆದ ಕೋಡನ್ನು ಪರೀಕ್ಷಿಸುವುದು, ರಾತ್ರಿ ಪಾಳಿಯಲ್ಲಿ ಗಿರಾಕಿಯ ಸರ್ವರ್ ನಿಂತರೆ ಬರುವ ಟಿಕೆಟ್ಟುಗಳನ್ನು ನೋಡುವುದು, ಹಳೆಯ ಪ್ರೋಗ್ರಾಮನ್ನು ಹೊಸ ಭಾಷೆಗೆ ಬದಲಿಸುವುದು, ದಾಖಲೆ ಬರೆಯುವುದು. ಬೇಸರ ತರಿಸುವ ಈ ಕೆಲಸ ಮಾಡುತ್ತಲೇ ಮೂರು ನಾಲ್ಕು ವರ್ಷದಲ್ಲಿ ಅವರು ಪಳಗುತ್ತಾರೆ. ಎಐ ಚೆನ್ನಾಗಿ ಮಾಡುವುದು ಸರಿಯಾಗಿ ಇವೇ ಕೆಲಸಗಳನ್ನು.

ಇನ್ಫೊಸಿಸ್ 2022–23ರಲ್ಲಿ ಸುಮಾರು 50,000 ಫ್ರೆಷರ್‌ಗಳನ್ನು ಸೇರಿಸಿಕೊಂಡಿತ್ತು. ಮರುವರ್ಷ ಆ ಸಂಖ್ಯೆ 12,000ದ ಆಸುಪಾಸಿಗೆ ಇಳಿಯಿತು. ಇದರ ಪೂರ್ತಿ ಹೊಣೆಯನ್ನು ಎಐ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೋವಿಡ್ ಕಾಲದಲ್ಲಿ ಅಗತ್ಯಕ್ಕಿಂತ ಹೆಚ್ಚು ನೇಮಕವಾಗಿತ್ತು, ಆಮೇಲೆ ಪಶ್ಚಿಮದ ಗಿರಾಕಿಗಳು ಖರ್ಚಿಗೆ ಕಡಿವಾಣ ಹಾಕಿದರು. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು, ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು, ಕೈಬಿಡುವುದಾಗಿ ಹೇಳಿದಾಗಲೂ ಎಐ ಕಾರಣವಲ್ಲ, ಕೌಶಲ ಹೊಂದುತ್ತಿಲ್ಲ ಎಂದೇ ಅದರ ಮುಖ್ಯಸ್ಥರು ವಿವರಿಸಿದರು. ಅದೇ ಮುಖ್ಯಸ್ಥರು ಹಿಂದಿನ ವರ್ಷ, ಕಾಲ್ ಸೆಂಟರುಗಳ ಅಗತ್ಯವೇ ತೀರಾ ಕಡಿಮೆಯಾಗಬಹುದು ಎಂದಿದ್ದರು. ಕೆಲಸದಿಂದ ತೆಗೆದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕ್ಯಾಂಪಸ್ಸಿಗೆ ಕಂಪನಿ ಬಾರದೆ ಹೋದರೆ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಮನೆಯವರಿಗೂ ಬಿಟ್ಟು ಇನ್ನಾರಿಗೂ ತಿಳಿಯುವುದಿಲ್ಲ. ಅಂಕಿಅಂಶಗಳಲ್ಲಿ ಅಲ್ಲೋಲಕಲ್ಲೋಲ ಕಾಣದಿರುವುದಕ್ಕೂ ಮನೆಮನೆಯಲ್ಲಿ ಆತಂಕ ಇರುವುದಕ್ಕೂ ಇದು ಒಂದು ಕಾರಣ.

ಬರಹಗಾರರು, ಕಲಾವಿದರು, ಅನುವಾದಕರ ಸಿಟ್ಟಿಗೆ ಇನ್ನೊಂದು ಕಾರಣ ಕೂಡಿಕೊಂಡಿದೆ. ಅವರ ಕೆಲಸವನ್ನು ಕಸಿಯುವ ಯಂತ್ರ ಕಲಿತದ್ದು ಅವರದ್ದೇ ಕೃತಿಗಳಿಂದ, ಅದೂ ಕೇಳದೆ, ಕಾಸು ಕೊಡದೆ. ಬ್ರಿಟನ್ನಿನ ಲೇಖಕರ ಸಂಘ 2024ರಲ್ಲಿ ತನ್ನ ಸದಸ್ಯರನ್ನು ಕೇಳಿದಾಗ ಶೇ 36 ಅನುವಾದಕರು, ಶೇ 26 ಚಿತ್ರಕಾರರು ಆಗಲೇ ಕೆಲಸ ಕಳೆದುಕೊಂಡಿದ್ದೇವೆ ಎಂದರು. ಹಾಲಿವುಡ್‌ನ ಚಿತ್ರಕಥೆಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ ಪಡೆದ ಒಪ್ಪಂದ ಎಐಯನ್ನು ನಿಷೇಧಿಸಲಿಲ್ಲ. ಯಂತ್ರ ಬರೆದದ್ದಕ್ಕೆ ಲೇಖಕನ ಹೆಸರು ಸಲ್ಲದು, ಎಐ ಬಳಸುವಂತೆ ಲೇಖಕರನ್ನು ಬಲವಂತ ಮಾಡುವಂತಿಲ್ಲ, ಕೊಟ್ಟ ಸಾಮಗ್ರಿ ಎಐನದ್ದಾದರೆ ಸ್ಟುಡಿಯೊ ಅದನ್ನು ತಿಳಿಸಬೇಕು ಎಂದಷ್ಟೇ ಅದರಲ್ಲಿದೆ. ನಮ್ಮ ಬ್ಯಾಂಕು ನೌಕರರ 1983ರ ಒಪ್ಪಂದದ ಜಾಡಿನಲ್ಲೇ ಇದೂ ಇದೆ.

ಎಐ ಸೃಷ್ಟಿಸಿದ ಹೊಸ ಕೆಲಸಗಳ ವಿಷಯದಲ್ಲೂ ಒಂದೇ ಮಾತು ಹೇಳಲಾಗದು. ಚಾಟ್‌ಜಿಪಿಟಿ ಹೊಲಸು ಮಾತಾಡದಂತೆ ಪಳಗಿಸಲು, ಕೆನ್ಯಾದ ಕಾರ್ಮಿಕರು ಗಂಟೆಗೆ 2 ಡಾಲರಿಗಿಂತ ಕಡಿಮೆ ಕೂಲಿಗೆ ಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ಬರಹಗಳನ್ನು ದಿನವಿಡೀ ಓದಿ ವಿಂಗಡಿಸಿದ್ದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ಬಯಲು ಮಾಡಿತು. ಅದೇ ವರ್ಷ ಅದೇ ಪತ್ರಿಕೆ ಬರೆದ ಇನ್ನೊಂದು ಕಥೆ ಕರ್ನಾಟಕದ ಹಳ್ಳಿಗಳದ್ದು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಂಡು, ತೆರೆಯ ಮೇಲೆ ಬರುವ ಕನ್ನಡ ವಾಕ್ಯಗಳನ್ನು ಹೆಂಗಸರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತಿದ್ದರು. ಕೂಲಿ ಗಂಟೆಗೆ ಸುಮಾರು 5 ಡಾಲರ್. ಕೃಷಿ ಕೂಲಿಗೆ ಹೋಲಿಸಿದರೆ ದೊಡ್ಡ ಮೊತ್ತ. ಆದರೆ ಯಂತ್ರ ಕನ್ನಡ ಕಲಿತ ಮೇಲೆ ಆ ವಾಕ್ಯಗಳನ್ನು ಮತ್ತೆ ಓದಿಸಬೇಕಾಗಿಲ್ಲ. ಇದು ವರ್ಷಗಟ್ಟಲೆ ನಡೆಯುವ ಉದ್ಯೋಗವಲ್ಲ, ಒಂದಿಷ್ಟು ದಿನದ ಮೇಲುಸಂಪಾದನೆ.

ಎಐ ಬಗೆಗಿನ ಜಗಳ ಈಗ ಮೂರು ಕವಲಾಗಿ ಹರಿಯುತ್ತಿದೆ. 2024ರ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲೊಬ್ಬರಾದ ಡ್ಯಾರನ್ ಆಸಿಮೊಗ್ಲು ಅವರಿಗೆ ಈ ಅಬ್ಬರವೇ ಅತಿ ಅನಿಸುತ್ತದೆ. ಹತ್ತು ವರ್ಷದಲ್ಲಿ ಎಐನಿಂದ ಅಮೆರಿಕದ ಉತ್ಪಾದಕತೆ ಒಟ್ಟು ಶೇ 0.7ರಷ್ಟೂ ಏರದು ಎಂಬುದು ಅವರ ಅಂದಾಜು. ಅವರ ನಿಜವಾದ ಭಯ ಅರೆಬರೆ ಯಂತ್ರಗಳದ್ದು: ಮನುಷ್ಯರನ್ನು ತೆಗೆಯುವಷ್ಟು ಸಮರ್ಥ, ಆದರೆ ಉತ್ಪಾದನೆ ಹೆಚ್ಚಿಸಿ ಬೇರೆಡೆ ಕೆಲಸ ಹುಟ್ಟಿಸುವಷ್ಟು ಸಮರ್ಥವಲ್ಲ. ಒಂಬತ್ತು ಒತ್ತಿಸಿ, ಎರಡು ಒತ್ತಿಸಿ ಕೊನೆಗೂ ಮನುಷ್ಯರ ಧ್ವನಿ ಕೇಳಿಸದ ಗ್ರಾಹಕ ಸೇವೆಗೆ ಕರೆ ಮಾಡಿದ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಎಂಐಟಿಯಲ್ಲಿ ಅವರ ಸಹೋದ್ಯೋಗಿ ಡೇವಿಡ್ ಆಟರ್ ನೋಡುವುದು ಬೇರೆ ಬಗೆಯಲ್ಲಿ. ವೈದ್ಯರು, ವಕೀಲರಿಗೆ ಮೀಸಲಾಗಿದ್ದ ತೀರ್ಮಾನಗಳನ್ನು ಎಐ ನೆರವಿನಿಂದ ನರ್ಸುಗಳೂ ಗುಮಾಸ್ತರೂ ಮಾಡುವಂತಾದರೆ ಮಧ್ಯಮ ವರ್ಗವೇ ಚೇತರಿಸಿಕೊಳ್ಳಬಹುದು ಎನ್ನುತ್ತಾರೆ ಅವರು. ಮೂರನೆಯದು ಎಐ ಕಟ್ಟುವವರದೇ ಎಚ್ಚರಿಕೆ. ಒಂದರಿಂದ ಐದು ವರ್ಷದಲ್ಲಿ ಕಚೇರಿ ಕೆಲಸಗಳ ಪ್ರವೇಶ ಹಂತದ ಅರ್ಧದಷ್ಟು ಅಳಿಯಬಹುದು ಎಂದು ಆ್ಯಂತ್ರೊಪಿಕ್ ಕಂಪನಿಯ ಮುಖ್ಯಸ್ಥ ಡಾರಿಯೊ ಅಮೊಡೈ 2025ರ ಮೇ ತಿಂಗಳಲ್ಲಿ ಹೇಳಿದರು. ಅಂಥ ಎಚ್ಚರಿಕೆ ತನ್ನ ಸರಕಿನ ಶಕ್ತಿಯ ಜಾಹೀರಾತೂ ಆಗಬಲ್ಲದು ಎಂದು ಟೀಕಿಸಿದವರಿದ್ದಾರೆ. ಹಾಗೆಂದು ಅದು ಸುಳ್ಳಾಗುತ್ತದೆ ಎಂದೇನಿಲ್ಲ.

ಯಂತ್ರ ಕೊಡುವ ಲಾಭ ಬಿಡುವಿನ ರೂಪದಲ್ಲಿ ಬರುತ್ತದೆ ಎಂದು ನಂಬಿದ್ದವರೂ ಇದ್ದರು. ನೂರು ವರ್ಷದಲ್ಲಿ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಬರೆದದ್ದು 1930ರಲ್ಲಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಹೇಳಿದ್ದು 2023ರಲ್ಲಿ, ಚಾಟ್‌ಜಿಪಿಟಿ ಬಂದ ಮರುವರ್ಷ.

ಪರಿಹಾರಗಳ ಬಗ್ಗೆಯೂ ನಿಲುವುಗಳು ಹರಡಿಕೊಂಡಿವೆ. ಮನುಷ್ಯನ ಜಾಗಕ್ಕೆ ಬಂದ ರೋಬೋಟಿಗೆ ತೆರಿಗೆ ಹಾಕಿ ಎಂದು ಬಿಲ್ ಗೇಟ್ಸ್ 2017ರಲ್ಲಿ ಸೂಚಿಸಿದ್ದರು. ಎಲ್ಲರಿಗೂ ಮೂಲ ಆದಾಯ ಕೊಡುವ ವಿಚಾರಕ್ಕೆ ಎಐ ಉದ್ಯಮಿಗಳಲ್ಲೇ ಬೆಂಬಲಿಗರಿದ್ದಾರೆ. ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ ನೆರವಿನ ಪ್ರಯೋಗವೊಂದರಲ್ಲಿ ಅಮೆರಿಕದ 1,000 ಮಂದಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟು ನೋಡಲಾಯಿತು. ಮರುತರಬೇತಿ ಸರ್ಕಾರಗಳ ಮೆಚ್ಚಿನ ಉತ್ತರ. ಆದರೆ ಯಾವ ಕೆಲಸಕ್ಕೆ ತರಬೇತಿ ಎಂಬುದು ಗೊತ್ತಿಲ್ಲದಾಗ ಅದು ಪ್ರಮಾಣಪತ್ರ ಹಂಚುವ ಕಾರ್ಯಕ್ರಮವಾಗಿ ಮುಗಿಯುವುದೇ ಹೆಚ್ಚು. ಜರ್ಮನಿಯಲ್ಲಿ ಕಾರ್ಖಾನೆ, ಕಚೇರಿಗಳ ನೌಕರ ಮಂಡಳಿಗಳು ಎಐ ಬಗ್ಗೆ ತಜ್ಞರ ಸಲಹೆ ಪಡೆಯಲು 2021ರ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ನೇಮಕಾತಿಯಲ್ಲಿ ಬಳಸುವ ಎಐಯನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ.

ಕರ್ನಾಟಕದಲ್ಲಿ ಈ ದಿಕ್ಕಿನ ಮೊದಲ ಕಾನೂನು ಬಂದಿರುವುದು ಕಚೇರಿ ನೌಕರರಿಗಲ್ಲ, ಬೈಕಿನ ಮೇಲೆ ಊಟ, ಪಾರ್ಸೆಲ್ ಒಯ್ಯುವವರಿಗೆ. 2025ರ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಅವರಿಗಾಗಿ ಕಲ್ಯಾಣ ನಿಧಿ ಸ್ಥಾಪಿಸುವುದರ ಜೊತೆಗೆ, ಕೆಲಸ ಹಂಚುವ, ಗಳಿಕೆ ಮತ್ತು ರೇಟಿಂಗ್ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವ ಹಕ್ಕು ಕೊಟ್ಟಿದೆ. ಕಾರಣ ಹೇಳದೆ, 14 ದಿನಗಳ ನೋಟಿಸು ಕೊಡದೆ ಕೆಲಸದಿಂದ ತೆಗೆಯುವುದಕ್ಕೆ ತಡೆ ಹಾಕಿದೆ. ಆದರೆ ಐ.ಟಿ. ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ನಿಗದಿಗೊಳಿಸುವ ಸ್ಥಾಯಿ ನಿಯಮಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ, ನೌಕರ ಸಂಘದ ವಿರೋಧದ ನಡುವೆಯೂ, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಆ್ಯಪ್ ನೋಡಿ ಊಟ ಒಯ್ಯುವ ಹುಡುಗನಿಗೆ ಈ ರಾಜ್ಯದಲ್ಲಿ ಯಂತ್ರದ ತೀರ್ಮಾನವನ್ನು ಪ್ರಶ್ನಿಸುವ ಕಾಯ್ದೆಯಿದೆ. ಆ ಆ್ಯಪ್ ಬರೆಯುವ ಇಂಜಿನಿಯರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.